ಸಂಜೆ ಆರರ ನೀರು, ಸಿಂಬಳದ ಹುಳು

ಹೋದ ತಿಂಗಳು ಒಂದು ಬೆಳಿಗ್ಗೆ ಕೈಯಲ್ಲಿ ಉಪ್ಪಿನ ಡಬ್ಬಿ ಹಿಡಿದು ಕೈತೋಟದಲ್ಲಿ ಬಗ್ಗಿ ನಿಂತಿದ್ದೆ. ಕಾಂಪೌಂಡ್ ಆಚೆಯಿಂದ ರತ್ನಮ್ಮನ ದನಿ ಬಂತು.

"ಏಮಿ ಮೇಡಂ, ಗಿಡಕ್ಕೆ ಉಪ್ಪಿನಕಾಯಿ ಹಾಕ್ತಿದ್ದೀರಾ?"

ಗಿಡಕ್ಕಲ್ಲ, ಹುಳಕ್ಕೆ. ಸಿಂಬಳದ ಹುಳು ಅನ್ನುತ್ತಾರಲ್ಲ, ಬಸವನಹುಳುವಿನ ಜಾತಿ, ಚಿಪ್ಪು ಮಾತ್ರ ಇಲ್ಲ. (ಮನೆಯಿಲ್ಲದವರು ಇನ್ನೊಬ್ಬರ ಮನೆ ಹಾಳು ಮಾಡುವುದು ಹೊಸದೇನಲ್ಲ.) ನಲವತ್ತು ಸೇವಂತಿಗೆ ಸಸಿ ನೆಟ್ಟಿದ್ದೆ. ದಸರಾಗೆ ಬೀದಿಗೆಲ್ಲ ನಮ್ಮ ಮನೆಯ ಹೂವೇ ಎಂದು ಊರೆಲ್ಲ ಹೇಳಿಯೂ ಆಗಿತ್ತು. ಆ ಹೊತ್ತಿಗೆ ಹನ್ನೊಂದು ಸಸಿ ಬರೀ ಕಡ್ಡಿ!

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ರತ್ನಮ್ಮನದು ರೇಷ್ಮೆಹುಳು ಸಾಕುವ ಮನೆ. ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಎಲೆ, ಕಡ್ಡಿಯನ್ನೆಲ್ಲ ನನಗೆ ಕೊಡುತ್ತಾಳೆ. ಅದನ್ನೇ ಸಸಿಗಳ ಬುಡಕ್ಕೆ ಗೇಣು ದಪ್ಪ ಹೊದಿಸಿದ್ದೆ. ಮಲ್ಚಿಂಗ್! ಮಣ್ಣು ತಂಪಾಗಿರುತ್ತದೆ, ಕಳೆ ಬರುವುದಿಲ್ಲ. ಆ ತಂಪಿಗೆ ಇನ್ಯಾರು ಬರುತ್ತಾರೆಂದು ನನಗೆ ಯಾರು ಹೇಳಿದ್ದರು?

ಉಪ್ಪು ಸುರಿದರೆ ಮಣ್ಣೇ ಕೆಡುತ್ತದೆ ಎಂದು ರತ್ನಮ್ಮ ಗೋಡೆಯ ಮೇಲಿಂದಲೇ ಕೈ ಚಾಚಿ ಡಬ್ಬಿ ಕಿತ್ತುಕೊಂಡಳು. ಹಾಗಾದರೆ ಅಂಗಡಿಯಿಂದ ಮದ್ದು ತರುತ್ತೇನೆ ಅಂದೆ. ಅವಳ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಬೇಡಿ ಮೇಡಂ! ಮದ್ದಿನ ಗಾಳಿ ತಗುಲಿದ್ರೆ ನನ್ನ ಹುಳ ಒಂದೂ ಉಳಿಯಲ್ಲ. ನಾಲ್ಕನೇ ಜ್ವರ, ಅದೇ ಕೊನೇ ಸಲ ಪೊರೆ ಬಿಡೋದು, ಮುಗಿಸಿ ಎದ್ದವೆ, ಇನ್ನೊಂದು ವಾರಕ್ಕೆ ಗೂಡು ಕಟ್ತವೆ."

ನೋಡಿ ನಮ್ಮ ಬೀದಿಯ ನ್ಯಾಯ! ಗೋಡೆಯ ಆ ಕಡೆಯ ಹುಳಕ್ಕೆ ಹೊತ್ತುಹೊತ್ತಿಗೆ ಊಟ, ಉಪಚಾರ. ಈ ಕಡೆಯದಕ್ಕೆ ಮರಣದಂಡನೆ, ಅದೂ ಆ ಕಡೆಯವರಿಗೆ ಗಾಳಿಯೂ ಸೋಕದ ಹಾಗೆ.

ಸರಿ, ಹುಳ ಬಂದು ಅಡಗಲೆಂದು ರಾತ್ರಿ ಸಸಿಗಳ ನಡುವೆ ಒದ್ದೆ ಗೋಣಿಚೀಲ ಹಾಸಿದೆ. ಬೆಳಿಗ್ಗೆ ಎತ್ತಿದರೆ ಅಡಿಯಲ್ಲಿ ಮೂವತ್ತನಾಲ್ಕು! ಮೂವತ್ತು ವರ್ಷ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು ನಾನು, ಎಣಿಸದೆ ಇರಲಾಗುವುದಿಲ್ಲ. ಎಲ್ಲವನ್ನೂ ಸೋಪಿನ ನೀರಿಗೆ ಹಾಕಿದೆ. ಮರುದಿನ ಮೂವತ್ತಾರು. ಮೂರನೆಯ ದಿನ ನಲವತ್ತು. ಇಂಥ ಹಾಜರಾತಿ ನನ್ನ ಹಾಸ್ಟೆಲಿನಲ್ಲೂ ಇರಲಿಲ್ಲ.

ಅವತ್ತು ಸಂಜೆ ಆರಕ್ಕೆ ಸರಿಯಾಗಿ ಪೈಪ್ ಹಿಡಿದೆ. ಹಾಸ್ಟೆಲಿನಲ್ಲೂ ಆರಕ್ಕೇ ಬೆಲ್, ಆರಕ್ಕೇ ತೋಟಕ್ಕೆ ನೀರು. ಆಟ ಮುಗಿಯಲಿ, ಅರ್ಧ ಗಂಟೆ ಮುಂದೆ ಹಾಕಿ ಮೇಡಂ ಎಂದು ಹುಡುಗಿಯರು ವರ್ಷವರ್ಷವೂ ಗೋಗರೆಯುತ್ತಿದ್ದರು. ನಾನು ಜಗ್ಗಿದವಳಲ್ಲ. ಶಿಸ್ತು ಅಂದರೆ ಶಿಸ್ತು.

ರತ್ನಮ್ಮ ಗೋಡೆಗೆ ಗಲ್ಲ ಊರಿ ನೋಡುತ್ತಿದ್ದಳು.

"ಮೇಡಂ, ತಪ್ಪು ತಿಳ್ಕೋಬೇಡಿ. ಹೊತ್ತು ಮುಳುಗೋ ಟೈಮಿಗೆ ಹಾಸಿಗೆ ನೆನೆಸಿ, ಎಲೆ ಬಡಿಸಿ, ಬನ್ರಪ್ಪ ಅಂತ ಕರೀತಿರೋದು ನೀವೇ. ನಾನು ನನ್ನ ಹುಳಕ್ಕೆ ಒದ್ದೆ ಸೊಪ್ಪು ಕೊಡಲ್ಲ, ಅವು ಮಲಗೋ ಸೊಪ್ಪಿನ ಹಾಸಿಗೆಗೆ ಸುಣ್ಣ ಉದುರಿಸಿ ಒಣಗಿಸ್ತೀನಿ. ಹಾಸಿಗೆ ಒದ್ದೆಯಾದ್ರೆ ನನ್ನ ಹುಳ ಸಾಯ್ತವೆ, ನಿಮ್ಮ ಹುಳ ಬದುಕ್ತವೆ. ಅಷ್ಟೇ ಕಣಮ್ಮ ವ್ಯತ್ಯಾಸ."

ಸಿಟ್ಟು ಬಂತು. ಹುಳದ ಮೇಲಲ್ಲ. ಅವಳು ಹೇಳಿದ್ದು ಸರಿಯಾಗಿತ್ತಲ್ಲ, ಅದಕ್ಕೆ.

ಮರುದಿನದಿಂದ ನೀರು ಬೆಳಿಗ್ಗೆ. ಬುಡದಿಂದ ಒಂದು ಗೇಣು ಹೊದಿಕೆ ಸರಿಸಿದೆ, ಉಳಿದದ್ದನ್ನು ತೆಳುವಾಗಿ ಹರಡಿದೆ. ಸಂಜೆಯ ಹೊತ್ತಿಗೆ ಮೇಲೆಲ್ಲ ಗರಿಗರಿ ಒಣಗಿರುತ್ತದೆ. ಗೋಣಿಚೀಲದಡಿ ಇಪ್ಪತ್ತಾಯಿತು, ಒಂಬತ್ತಾಯಿತು, ನಿನ್ನೆ ಎರಡು. ಇಪ್ಪತ್ತಾರು ಸಸಿ ಉಳಿದಿವೆ, ಚಿಗುರುತ್ತಿವೆ. ಬೀದಿಗೆಲ್ಲ ಸಾಲದು, ರತ್ನಮ್ಮನ ಮನೆಗೆ ಧಾರಾಳವಾಗಿ ಸಾಕು.

ಸಂಜೆ ಆರಕ್ಕೆ ಮಾತ್ರ ಕೈ ತಾನಾಗಿಯೇ ಪೈಪಿನ ಕಡೆ ಹೋಗುತ್ತದೆ. ಎಳೆದುಕೊಳ್ಳುತ್ತೇನೆ. ಆಗೆಲ್ಲ ಆ ಹುಡುಗಿಯರ ನೆನಪು. ಮೂವತ್ತು ವರ್ಷ ಕೇಳಿಕೊಂಡರೂ ಅರ್ಧ ಗಂಟೆ ಅಲ್ಲಾಡದ ಟೈಮ್‌ಟೇಬಲ್ಲನ್ನು ಬೆನ್ನುಮೂಳೆಯಿಲ್ಲದ ಹುಳ ನಾಲ್ಕೇ ದಿನದಲ್ಲಿ ಬದಲಾಯಿಸಿತು.

ಪಾಪ, ಅವರೂ ಕೈಮುಗಿಯುವ ಬದಲು ನನ್ನ ಸೇವಂತಿಗೆ ತಿಂದಿದ್ದರೆ ಆಗುತ್ತಿತ್ತೇನೋ?