ಜಗಲಿಯ ಗಾಳಿಯನ್ನು ಕೋಣೆಯದೆಂದು ತೋರಿಸಿದೆ

ಬಾಣಂತಿ ಕೋಣೆಯ ಗಾಳಿ ಅಳೆಯಲು ಕಟ್ಟಿದ್ದ ಡಬ್ಬಿಯನ್ನು ಹಿತ್ತಿಲ ಜಗಲಿಗೆ ಸಾಗಿಸಿದವಳು ನಾನು. ಮಗಳಿಗೆ ಹೇಳಲಿಲ್ಲ, ಅಳೆಯಲು ಬಂದ ಹುಡುಗಿಗೂ ಹೇಳಲಿಲ್ಲ. ಕೋಣೆ ಚೆನ್ನಾಗಿದೆ ಎಂದು ಬಂದ ಕಾಗದ ಕೋಣೆಯದಲ್ಲ — ಜಗಲಿಯದು. ನಡೆದದ್ದು ಇಷ್ಟೆ.

ಏಳು ವರ್ಷದ ಹಿಂದೆ ಮಗಳು ಸುಮಾ ಚೊಚ್ಚಲ ಹೆರಿಗೆಯಾಗಿ ಭದ್ರಾವತಿಯ ನಮ್ಮ ಮನೆಯಲ್ಲಿದ್ದಳು. ಹಿಂದಿನ ಕೋಣೆ ರಸ್ತೆಗಿಂತ ತಗ್ಗಿನಲ್ಲಿದೆ, ನೆಲ ಬಿರುಕು ಬಿಟ್ಟಿದೆ. ಬಾಣಂತಿಗೆ ಗಾಳಿ ತಾಗಬಾರದಲ್ಲ — ಕಿಟಕಿಯ ಸಂದಿಗೆಲ್ಲ ಹಳೆ ಸೀರೆ ತುರುಕಿದ್ದೆ. ಬಾಗಿಲು ಸದಾ ಮುಚ್ಚಿರುತ್ತಿತ್ತು. ನನ್ನ ತಾಯಿ ನನಗೆ ಮಾಡಿದ್ದೂ ಹಾಗೆಯೇ.

ಆಗ ಶಿವಮೊಗ್ಗದ ಕಾಲೇಜಿನಿಂದ ಶಬಾನಾ ಎಂಬ ಹುಡುಗಿ ಬಂದಳು. ಮನೆಮನೆಯ ಗಾಳಿ ಅಳೆಯುತ್ತಿದ್ದಳು. ಬೆರಳುದ್ದದ ಕಪ್ಪು ಡಬ್ಬಿ, ಒಳಗೊಂದು ಚೂರು ಫಿಲ್ಮು. ತೊಟ್ಟಿಲಿನಿಂದ ಸ್ವಲ್ಪ ದೂರಕ್ಕೆ ಅದನ್ನು ನೇತುಹಾಕಿ ಹೇಳಿದಳು:

"ಅಜ್ಜಿ, ರೇಡಾನ್ ಅಂತ ಒಂದು ಗಾಳಿ. ನೆಲದೊಳಗಿನ ಕಲ್ಲು-ಮಣ್ಣಿಂದ ಬರುತ್ತೆ. ಕಾಣಲ್ಲ, ವಾಸನೆ ಇಲ್ಲ. ಮುಚ್ಚಿದ ಕೋಣೇಲಿ ತುಂಬ್ಕೊಂಡ್ರೆ, ವರ್ಷಗಟ್ಟಲೆ ಅದನ್ನೇ ಉಸಿರಾಡಿದ್ರೆ ಶ್ವಾಸಕೋಶಕ್ಕೆ ಕ್ಯಾನ್ಸರ್ ಬರಬಹುದು. ಮೂರು ತಿಂಗಳು ಇದನ್ನ ಮುಟ್ಟಬೇಡಿ."

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಅವಳು ಹೇಳಿದ್ದು ಅರ್ಥವಾಗಿತ್ತು. ತಿಳಿಯದೆ ಮಾಡಿದೆ ಎನ್ನಲಾರೆ.

ಮಾರನೆಯ ದಿನ ಸುಮಾ ಸ್ನಾನಕ್ಕೆ ಹೋದಾಗ ಮೊಳೆಯಿಂದ ಡಬ್ಬಿ ಬಿಚ್ಚಿ ಹಿತ್ತಿಲ ಜಗಲಿಯಲ್ಲಿ ಕಟ್ಟಿದೆ. ಬಂದವಳೇ ಕೇಳಿದಳು, "ಅಮ್ಮಾ, ಡಬ್ಬಿ ಎಲ್ಲಿ?"

"ಇಲ್ಲೇ, ಈ ಕೋಣೆ ಅಟ್ಟದ ಮೇಲಿದೆ ಮಾರಾಯ್ತಿ. ಬಂದೋರೆಲ್ಲ ಮಗು ಬಿಟ್ಟು ಅದನ್ನೇ ನೋಡ್ತಾರೆ."

ಹಸಿ ಬಾಣಂತಿ ಏಣಿ ಹತ್ತಿ ನೋಡುತ್ತಾಳೆಯೇ? ನಂಬಿದಳು. ಮೂರು ತಿಂಗಳಾಗಿ, ಹುಡುಗಿ ಡಬ್ಬಿ ಒಯ್ಯಲು ಬರುವ ಹಿಂದಿನ ದಿನ ಡಬ್ಬಿಯನ್ನು ಮತ್ತೆ ಮೊದಲಿನ ಮೊಳೆಗೆ ಕಟ್ಟಿದೆ.

ಯಾಕೆ ಹಾಗೆ ಮಾಡಿದೆ? ಸುಮಾಳಿಗೆ ಭದ್ರಾವತಿಯಲ್ಲೇ ಶಾಲೆಯ ಕೆಲಸ. ಮಗು ನನ್ನ ಹತ್ತಿರ ಬೆಳೆಯಬೇಕೆಂಬ ಆಸೆ ನನಗೆ. ಕೋಣೆ ಕೆಟ್ಟದ್ದು ಎಂದರೆ ಅವಳು ಕೂಸನ್ನೆತ್ತಿಕೊಂಡು ಶಿವಮೊಗ್ಗಕ್ಕೆ, ಹೊಸಮನೆ ಬಡಾವಣೆಯ ಗಂಡನ ಮನೆಗೆ ಹೊರಟುಬಿಡುತ್ತಾಳೆ — ಅದೇ ಹೆದರಿಕೆ. ಬಾಣಂತನ ಮಾಡಲು ಬಾರದವಳು ಎಂದು ಬೀಗಿತ್ತಿ ಆಡಿಕೊಂಡಾಳು ಎಂಬುದೂ ಇತ್ತು.

ಕಾಲೇಜಿನಿಂದ ಕಾಗದ ಬರುವವರೆಗೆ ಸುಮಾ ನೆಲದ ಬಿರುಕು ಮುಚ್ಚಿಸೋಣ, ಗೋಡೆಗೊಂದು ಫ್ಯಾನು ಕೂರಿಸೋಣ ಎನ್ನುತ್ತಿದ್ದಳು. ಕಾಗದ ಬಂದ ಮೇಲೆ ಸುಮ್ಮನಾದಳು. ಮೊಮ್ಮಗಳು ಆರು ವರ್ಷ ಆ ಕೋಣೆಯಲ್ಲಿ ಮಲಗಿದಳು, ನನ್ನ ಪಕ್ಕದಲ್ಲೇ. ಈಗ ಒಂದು ವರ್ಷದಿಂದ ಅಪ್ಪ-ಅಮ್ಮನ ಜೊತೆ ಹೊಸಮನೆಯಲ್ಲಿದ್ದಾಳೆ, ಚೆನ್ನಾಗಿಯೇ ಇದ್ದಾಳೆ. ಆದರೆ ಆ ಗಾಳಿಯ ಕೆಲಸ ಇವತ್ತು ನಾಳೆ ತಿಳಿಯುವುದಲ್ಲವಂತೆ. ಆ ಆರು ವರ್ಷ ಅಲ್ಲಿ ಏನಿತ್ತು, ಎಷ್ಟಿತ್ತು — ಇನ್ನು ಯಾವ ಡಬ್ಬಿ ತಂದರೂ ಗೊತ್ತಾಗದು.

ಮೊನ್ನೆ ಭಾನುವಾರ ಸುಮಾ ಬಂದಿದ್ದಳು. ಮತ್ತೆ ಏಳು ತಿಂಗಳ ಬಸುರಿ. ಕೋಣೆಯನ್ನೊಮ್ಮೆ ನೋಡಿ, "ಈ ಸಲಾನೂ ಇಲ್ಲೇ ಇರ್ತೀನಮ್ಮ. ಟೆಸ್ಟ್ ಆಗಿರೋ ಕೋಣೆ," ಎಂದಳು.

ಆಗ ಡಬ್ಬಿಯನ್ನು ಜಗಲಿಗೆ ಸಾಗಿಸಿದ್ದನ್ನು ಹೇಳಿದೆ.

ಅವಳು ಅಳಲಿಲ್ಲ. "ಎಷ್ಟು ದಿನ ಹೊರಗಿತ್ತು?" ಎಂದು ಮಾತ್ರ ಕೇಳಿದಳು.

"ಸ್ವಲ್ಪ ದಿನ ಕಣೇ."

ಅಲ್ಲಿಯೂ — ತಪ್ಪು ಒಪ್ಪಿಕೊಳ್ಳುವಾಗಲೂ — ಅರ್ಧ ನುಂಗಿದೆ. ಅವಳ ಮುಖ ಸ್ವಲ್ಪ ಹಗುರಾಯಿತು. ಅದನ್ನು ನೋಡಿಯೂ ಬಾಯಿ ಬಿಡಲಿಲ್ಲ. ಸಂಜೆಯ ಬಸ್ಸಿಗೆ ಹೊರಟುಹೋದಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹೊಸಮನೆಗೆ ಹೋದೆ. ಬಾಗಿಲು ತೆರೆದ ಸುಮಾ, "ಏನಮ್ಮ ಇಷ್ಟು ಬೇಗ? ಒಳಗೆ ಬಾ, ಕಾಫಿ ಕುಡಿ," ಎಂದಳು.

ಒಳಗೆ ಹೋಗಲಿಲ್ಲ. ಹೊಸಿಲಾಚೆ ನಿಂತೇ ಹೇಳಿದೆ: "ಸ್ವಲ್ಪ ದಿನ ಅಲ್ಲ ಕಣೇ. ಮೂರು ತಿಂಗಳೂ ಹೊರಗೇ ಇತ್ತು. ಒಳಗಿದ್ದಿದ್ದೇ ಎರಡು ದಿನ. ಆ ಶಬಾನಾ ನಂಬರಿಗೆ ಫೋನ್ ಮಾಡಿ ಕೊಡು. ಅವಳಿಗೂ ನಾನೇ ಹೇಳ್ತೀನಿ."