ಗುಂಡಕ್ಷರದ ವೈಕುಂಠ ಪತ್ರಿಕೆ

ಅಕ್ಷರಗಳಿಗೂ ಮನುಷ್ಯರ ಹಾಗೆ ಮೈಕಟ್ಟು, ಸ್ವಭಾವ ಎರಡೂ ಇರುತ್ತವೆಂಬುದನ್ನು ನೀವು ಗಮನಿಸಿರಬಹುದು. ನಾನಂತೂ ಸರ್ಕಾರಿ ಸುತ್ತೋಲೆಗಳಲ್ಲೇ ಆಯುಷ್ಯ ಸವೆಸಿದವನಾದ್ದರಿಂದ ಅರವತ್ತು ದಾಟುವವರೆಗೆ ಗಮನಿಸಿರಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಕನ್ನಡ ಫಾಂಟ್ ಇದೆ. ಅದರಲ್ಲಿ ಮೂಲೆಯೆಂಬುದೇ ಇಲ್ಲ. ಕೊಂಬುಗಳೆಲ್ಲ ಊದಿಕೊಂಡು, ಒತ್ತಕ್ಷರಗಳು ತೊಡೆಯಿಂದ ಜಾರಿದ ಕೂಸುಗಳಂತೆ ಓರೆಯಾಗಿ ಕೂತಿರುತ್ತವೆ. ಮೊದಲೇ ದುಂಡಗಿರುವ ನಮ್ಮ ಲಿಪಿಗೆ ಯಾರೋ ಇನ್ನಷ್ಟು ತುಪ್ಪ ಬಡಿಸಿದ್ದಾರೆ. ಐಸ್‌ಕ್ರೀಮ್ ಅಂಗಡಿಯ ಬೋರ್ಡು, ಶಿಶುವಿಹಾರದ ಗೋಡೆ, ನಾಮಕರಣದ ಕರೆಯೋಲೆ, ಇವಕ್ಕೆಲ್ಲ ಹೇಳಿ ಮಾಡಿಸಿದ್ದು. ಕಳೆದ ವರ್ಷ ನನ್ನ ಹೆಂಡತಿ ಶಾರದಾಳ ವೈಕುಂಠ ಸಮಾರಾಧನೆಯ ಪತ್ರಿಕೆ ಅಚ್ಚಾದದ್ದು ಈ ಫಾಂಟಿನಲ್ಲೇ.

ಕಲ್ಕತ್ತೆಯಲ್ಲಿ ಕನ್ನಡ ಪತ್ರಿಕೆ ಅಚ್ಚು ಹಾಕಿಸುವುದೊಂದು ಸಾಹಸ. ನಮ್ಮ ಬಾಲಿಗಂಜಿನ ಪ್ರೆಸ್ಸಿನವನಿಗೆ ಕನ್ನಡದ ಗಂಧವಿಲ್ಲ, ಎಲ್ಲ ನಾವೇ ಸಿದ್ಧಮಾಡಿ ಕೊಡಬೇಕು. ಒಕ್ಕಣೆಯನ್ನು ಮೊಬೈಲಿನಲ್ಲಿ ನಾನೇ ಒತ್ತಿ ಕೊಟ್ಟೆ. ಅಂದಗೊಳಿಸುವ ಭಾರ ಮಗಳು ಮಾಧವಿ ಹೊತ್ತಳು. ಇಲ್ಲೇ ಹುಟ್ಟಿ ಬೆಳೆದವಳು, ಕಸ್ಬಾ ಬಡಾವಣೆಯ ಆಫೀಸೊಂದರಲ್ಲಿ ಜಾಹೀರಾತು ವಿನ್ಯಾಸ ಮಾಡುತ್ತಾಳೆ. ಕನ್ನಡ ಕೇಳಿದರೆ ತಿಳಿಯುತ್ತದೆ, ಆಡುವಾಗ ಅರ್ಧ ಇಂಗ್ಲಿಷು.

ಐದನೆಯ ದಿನ ಅವಳು ತೋರಿಸಿದ ಕರಡು ನೋಡಿ ನನಗೆ ಮೈಯುರಿಯಿತು. ಇಂಥ ಪತ್ರಿಕೆಗೆ ನಮ್ಮಲ್ಲಿ ಒಂದು ಮರ್ಯಾದೆಯಿದೆ: ಮೂಲೆಗೆ ಅರಿಶಿನ ಸೋಕಿಸುವಂತಿಲ್ಲ, ಬಣ್ಣ ಕೂಡದು, ಕಪ್ಪು ಅಕ್ಷರಗಳು ಕೈಕಟ್ಟಿ ನಿಂತಿರಬೇಕು. ಇಲ್ಲಿ ನೋಡಿದರೆ ‘ದುಃಖತಪ್ತರು’ ಎಂಬ ಪದವೇ ಕೆನ್ನೆ ಉಬ್ಬಿಸಿಕೊಂಡು ನಗುತ್ತಿದೆ! ಅಮ್ಮ ಹೋದದ್ದು ನಿನಗೆ ಬರ್ತ್‌ಡೇ ಪಾರ್ಟಿಯೇನು ಎಂದು ಕೇಳಿಬಿಟ್ಟೆ. ಆಡಬಾರದ ಮಾತು, ಆಡಿಯಾಗಿತ್ತು.

ಅವಳು ಅಳಲಿಲ್ಲ. “ಅಪ್ಪಾ, ಬೇರೆ ಫಾಂಟಲ್ಲಿ ನಂಗೆ ಓದಕ್ಕೇ ಆಗಲ್ಲ. ಅಮ್ಮ ಬೋರ್ಡ್ ಮೇಲೆ ಹೀಗೇ ಗುಂಡಗುಂಡಗೆ ಬರೀತಿದ್ಲು. ನಂಗೆ ಬರೋದು ಅಷ್ಟೇ,” ಎಂದಳು.

ಮಾಧವಿ ಚಿಕ್ಕವಳಿದ್ದಾಗ ಭಾನುವಾರ ಬೆಳಿಗ್ಗೆ ಶಾರದಾ ನಮ್ಮ ಮನೆಯ ಹಾಲ್‌ನಲ್ಲಿ ನಾಲ್ಕೈದು ಕನ್ನಡದ ಮನೆಗಳ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದಳು. ಮಾಧವಿ ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಅದೇ ಹೊತ್ತಿಗೆ ಗಣಿತದ ಟ್ಯೂಷನ್ ಗೊತ್ತುಮಾಡಿದ ಮಹಾನುಭಾವ ನಾನು. ಕನ್ನಡವೇನು ಓಡಿಹೋಗುತ್ತದೆಯೇ, ಆಮೇಲೆ ಕಲಿತರಾಯಿತು ಎಂದಿದ್ದೆ. ಶಾರದಾ ಎದುರಾಡಲಿಲ್ಲ. ಸ್ವಂತ ಮಗಳೇ ಇಲ್ಲದ ಪಾಠ ಅವಳಿಗೆ ಬೇಡವಾಗಿರಬೇಕು. ಒಂದೆರಡು ತಿಂಗಳಲ್ಲಿ ಬೋರ್ಡು ಮಂಚದಡಿ ಸೇರಿತು. ಆ ತಪ್ಪು ನನ್ನದು, ಅದನ್ನು ಅವಳ ಮುಂದೆ ಒಪ್ಪಿಕೊಳ್ಳಲು ಈಗ ಅವಳಿಲ್ಲ.

ಕರಡನ್ನು ಹಾಗೆಯೇ ಪ್ರೆಸ್ಸಿಗೆ ಕೊಟ್ಟೆ. ಪತ್ರಿಕೆಯ ಚಿತ್ರ ಮೊಬೈಲಿನಲ್ಲಿ ತಲುಪಿದ್ದೇ ತಡ, ಮೈಸೂರಿನಿಂದ ಶಾರದಾಳ ಅಣ್ಣ ಫೋನು ಮಾಡಿ ಇದೇನು ಮಕ್ಕಳಾಟ ಎಂದು ರೇಗಿದರು. ಮಕ್ಕಳಿಗೋಸ್ಕರವೇ ಮಾಡಿಸಿದ್ದು ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ವಿವರಿಸಲು ಹೋಗಲಿಲ್ಲ.

ಅಚ್ಚಾಗಿ ಬಂದ ಕಟ್ಟಿನಿಂದ ಮಾಧವಿ ಒಂದನ್ನು ತೆಗೆದುಕೊಂಡು ಅಮ್ಮನ ಪಟದ ಮುಂದೆ ಕೂತಳು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದತೊಡಗಿದಳು. ‘ಶಾರದಾ’ ಎಂಬಲ್ಲಿ ನಿಂತಳು, ಅದನ್ನೇ ಇನ್ನೊಮ್ಮೆ ಓದಿ ಮುಂದುವರಿಸಿದಳು. ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿದಳು. ಹೇಳಿಕೊಡಲು ನಾನು ಬಾಗಿಲಲ್ಲೇ ನಿಂತಿದ್ದೆ. ಕೊನೆಯ ಸಾಲು ಮುಗಿಸಿದವಳು ನನ್ನ ಕಡೆ ತಿರುಗಲಿಲ್ಲ, ಪಟವನ್ನೇ ನೋಡುತ್ತಾ, “ಸರಿಯಾಗಿ ಓದಿದ್ನಾ ಅಮ್ಮಾ?” ಎಂದು ಕೇಳಿದಳು.