ಭಂಡಾರದ ಕೆಳಗಿನ ತೂತು

ನೀಲವ್ವಾ, ನಿನ್ನ ಗಂಡ ಹಾಲಪ್ಪ ಬಿದ್ದದ್ದು ನೀನು ಹಾಕಿದ ಭಂಡಾರದಿಂದಲ್ಲ, ದೇವರ ಆ ಅರಿಶಿನ ಪುಡಿಯಿಂದಲ್ಲ. ನನ್ನ ಸೂಜಿಯಿಂದ. ಇದು ನನಗೆ ಅವತ್ತೇ ಗೊತ್ತಿತ್ತು — ಅವನು ಬೀಳುವ ಮೊದಲೇ ಗೊತ್ತಿತ್ತು ಅಂದರೂ ಸುಳ್ಳಲ್ಲ. ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ, ಏಕೆಂದರೆ ಇದನ್ನು ನಾಲ್ಕು ಜನ ಕೇಳಬೇಕು. ಹಾಲಪ್ಪನ ಬಲಗಾಲು ಚಿಕ್ಕಂದಿನ ಜ್ವರದಲ್ಲಿ ಸೋತದ್ದು. ಹೆಜ್ಜೆಹೆಜ್ಜೆಗೂ ಮೊಣಕಾಲನ್ನು ಕೈಯಿಂದ ಒತ್ತಿಕೊಂಡೇ ಕುರಿಗಳ ಹಿಂದೆ ನಡೆಯುತ್ತಿದ್ದ. ಅಂಥವರಿಗಾಗಿ ಕಂಪನಿಯೊಂದು ಹಡಗಲಿಗೆ ಬಂದು ಒಂದು ಪ್ಯಾಂಟನ್ನು ಪ್ರಯೋಗಕ್ಕೆ ಕೊಟ್ಟಿತು. ಮೊಣಕಾಲಿನ ಹತ್ತಿರ ಬಟ್ಟೆಯೊಳಗೆ ಒಂದರ ಮೇಲೊಂದು ಎರಡು ತೆಳು ಪಟ್ಟಿ. ಹೆಜ್ಜೆ ಊರಿದಾಗ ಸೊಂಟದ ಬ್ಯಾಟರಿಯಿಂದ ಕರೆಂಟು ಹರಿದು ಅವೆರಡೂ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ, ಕಾಲು ಮಡಚುವುದಿಲ್ಲ. ಹೆಜ್ಜೆ ಎತ್ತಿದರೆ ಕರೆಂಟು ನಿಲ್ಲುತ್ತದೆ, ಪಟ್ಟಿ ಸಡಿಲವಾಗುತ್ತದೆ. ಚಳಿಗಾಲದಲ್ಲಿ ಕಂಬಳಿ ತೋಳಿನ ಕೂದಲನ್ನು ಎಳೆಯುತ್ತದಲ್ಲ, ಅದೇ ಗುಣ. ಅಳತೆಗೆ ಹೊಲಿದು ಕೊಡುವ ಕೆಲಸ ಹಿರೇಹಡಗಲಿಯಲ್ಲಿ ಟೇಲರ್ ಆಗಿರುವ ನನಗೆ ಬಂತು.

ಪಟ್ಟಿಗೆ ಸೂಜಿ ತಾಗಲೇಬಾರದು, ತಾಗಿದರೆ ಹೇಳಿಬಿಡಿ, ಬೇರೆ ಕೊಡುತ್ತೇವೆ ಎಂದು ಅವರು ಎರಡೆರಡು ಸಲ ಹೇಳಿದ್ದರು. ತಾಗಿತು. ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವಷ್ಟು ಸಣ್ಣ ತೂತು. ಹೋಗಿ ಹೇಳಿದ್ದರೆ ನನಗೆ ಏನೂ ನಷ್ಟವಿರಲಿಲ್ಲ — ಆದರೆ ಇಡೀ ತಾಲೂಕಿನಲ್ಲಿ ನನ್ನಂಥ ಕೈ ಇಲ್ಲ ಎಂದು ಮೆರೆಯುತ್ತಿದ್ದವಳು, ಸೂಜಿ ಜಾರಿತು ಎಂದು ಹೇಗೆ ಹೇಳಲಿ? ಜಂಬ, ಬರೀ ಜಂಬ. ತೂತಿನ ಮೇಲೆ ಟೇಪು ಅಂಟಿಸಿದೆ. ಮೇಜಿನ ಮೇಲಿಟ್ಟು ನೋಡಿದಾಗ ಪಟ್ಟಿ ಹಿಡಿಯಿತು. ಕೊಟ್ಟುಬಿಟ್ಟೆ.

ಎರಡೂ ಕೈ ಬೀಸಿಕೊಂಡು ಅವನು ನಡೆದ ದಿನ ನೀನು ಬಾಗಿಲಲ್ಲಿ ನಿಂತು ಅತ್ತೆ. ನಾನೂ ಅತ್ತೆ. ವಾರ ಕಳೆದ ಮೇಲೆ ಅವನು ಅಂಗಡಿಗೆ ಬಂದ.

"ಅಕ್ಕಾರ, ಬೆವತಾಗ ಮೊಣಕಾಲಾಗ ಚಿಟ್ ಅಂತೈತ್ರಿ."

"ಹೊಸಾದು ಹಂಗ ಅಂತೈತಿ. ಹಾಕ್ಕೋ ತಮ್ಮ," ಅಂದೆ.

ಆ ಮಾತನ್ನು ಆಡಿದ್ದು ನಾನೇ. ಬೆವರು ಟೇಪಿನಡಿ ಇಳಿದಿದೆ ಎಂದು ಒಳಗೊಳಗೇ ಗೊತ್ತಾಗಿತ್ತು. ಆಮೇಲೆ ಅವನು ಅಂಗಡಿಯ ಮುಂದೆ ಹೋದಾಗಲೆಲ್ಲ ಆ ಸದ್ದಿಗೆ ಕಿವಿಗೊಡುತ್ತಿದ್ದೆ. ಒಂದು ದಿನ ಕೇಳಿಸಿತು. ಹೊಲಿಯುವುದೇನೂ ಇಲ್ಲದಿದ್ದರೂ ಜೋರಾಗಿ ಮಿಷನ್ ತುಳಿದೆ — ಕೇಳಿಸದಿರಲಿ ಎಂದು.

ಮಾಗಳದ ಹೊಳೆದಂಡೆಯಲ್ಲಿ ಕುರಿಗಳಿಗೆ ನೀರು ಕುಡಿಸಿ ಏರು ಹತ್ತುವಾಗ ಪಟ್ಟಿ ಕೈಬಿಟ್ಟಿತು. ಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿದ. ಕಂಪನಿಯವರು ಬಂದು, ಹೊಲಿಗೆ ಬಿಚ್ಚಿ ತೋರಿಸಿ ಎಂದು ನನ್ನನ್ನೇ ಕರೆದರು. ಬಿಚ್ಚಿದೆ. ಟೇಪಿನ ಸುತ್ತ ಸುಟ್ಟು ಕಪ್ಪಾಗಿತ್ತು. ಅದರ ಪಕ್ಕದಲ್ಲೇ ಹಳದಿ ಪುಡಿ.

"ಯಾರು ಹಾಕಿದ್ದು ಇದನ್ನು?" ಎಂದು ಕೇಳಿದರು.

"ನಾನ್ರಿ... ಮೈಲಾರಲಿಂಗಪ್ಪನ ಭಂಡಾರ ರೀ. ಕಾಯಲಿ ಅಂತ ಹೊಲಿಗಿ ಸಂದಿಯಾಗ ಹಾಕೀನ್ರಿ," ಅಂದೆ ನೀನು.

ಎಲ್ಲರೂ ನಿನ್ನ ಕಡೆ ತಿರುಗಿದರು. ಆ ಗಳಿಗೆಯಲ್ಲಿ ನಾನು ಟೇಪನ್ನು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಹೆಬ್ಬೆರಳಿನಿಂದ ನಿನ್ನ ಭಂಡಾರವನ್ನು ಆ ಕಪ್ಪು ಚುಕ್ಕೆಯ ಮೇಲೆ ಸವರಿದೆ. ಭಯದಲ್ಲಿ ಆದದ್ದಲ್ಲ ಅದು, ನೀಲವ್ವಾ. ಯೋಚಿಸಿಯೇ ಮಾಡಿದೆ. ಪುಡಿಯಿಂದಲೇ ಪಟ್ಟಿ ಸುಟ್ಟಿತು ಎಂದು ಅವರು ಬರೆದುಕೊಂಡರು, ಆಮೇಲೆ ಯಾರೂ ತೂತನ್ನು ಹುಡುಕಲಿಲ್ಲ.

ಅಂದಿನಿಂದ ನೀನು ಭಂಡಾರ ಮುಟ್ಟಿಲ್ಲ. ನಿನ್ನ ಅತ್ತೆ ದೇವರ ಮುಂದೆ ದೀಪ ಹಚ್ಚುವಾಗ ನೀನು ಕುರಿದೊಡ್ಡಿಯಲ್ಲಿ ಕಸ ಗುಡಿಸುತ್ತಿರುತ್ತೀಯ. "ಮಗನ್ನ ಕೆಡವಿದಾಕಿ" ಎಂದು ಅವರು ಓಣಿಗೆಲ್ಲ ಕೇಳುವಂತೆ ಅನ್ನುವುದನ್ನು ನಾನೂ ಕೇಳಿದ್ದೇನೆ. ನೀನು ತಲೆ ತಗ್ಗಿಸಿದೆ. ನಾನು ಹಬ್ಬಕ್ಕೆ ನಿನಗೊಂದು ಕುಬಸ ಹೊಲಿದು ಕೊಟ್ಟೆ — ಥೂ, ನನ್ನ ಬಾಳಿಗಿಷ್ಟು.

ಈಗ ಹಾಲಪ್ಪ ಗೋಡೆ ಹಿಡಿದು ನಿಲ್ಲುವಂತಾಗಿದ್ದಾನೆ, ಹೊಸ ಪ್ಯಾಂಟು ಬಂದಿದೆ. ಈ ಸಲ ಕಂಪನಿಯವರೇ ಹೊಲಿದು ಕಳಿಸಿದ್ದಾರೆ. ಮೊನ್ನೆ ನೀನು ನನ್ನ ಅಂಗಡಿಗೆ ಬಂದು ಮೆಲ್ಲಗೆ ಅಂದೆ: "ನನ್ನ ಕೈಗುಣ ಚಲೋ ಇಲ್ಲಕ್ಕ. ಐತಾರ ನೀನ ಬಂದು ನಿನ್ನ ಕೈಲೆ ಹಾಕು ಅವ್ರಿಗೆ."

ಹೂಂ ಅಂದೆ. ಅದಕ್ಕೂ ಹೂಂ ಅಂದೆ!

ನಾಳೆ ಭಾನುವಾರ. ಬರುತ್ತೇನೆ, ಆದರೆ ಪ್ಯಾಂಟು ಹಾಕಲಿಕ್ಕಲ್ಲ. ಹಾಲಪ್ಪನ ಹಾಸಿಗೆಯ ಹತ್ತಿರ ನಿಂತು, ನಿನ್ನ ಅತ್ತೆಯ ಎದುರು, ಈ ಕಾಗದವನ್ನು ಗಟ್ಟಿಯಾಗಿ ಓದುತ್ತೇನೆ. ಇನ್ನೊಂದು ಪ್ರತಿಯನ್ನು ಕಂಪನಿಗೆ ಇವತ್ತೇ ಕಳಿಸಿದ್ದೇನೆ, ನಾಳೆ ಹಿಂದೆ ಸರಿಯಬಾರದೆಂದು. ಮನೆಗೆ ಬಂದವರಿಗೆ ಮೊದಲು ತಂಬಿಗೆ ನೀರು ಕೊಡುವುದು ನಿನ್ನ ರೂಢಿ. ನಾಳೆ ನಾನು ಓದಿ ಮುಗಿಸುವ ತನಕ ನನಗೆ ನೀರು ಕೊಡಬೇಡ, ನೀಲವ್ವಾ.